ಇಂದಿರಾ ಕಥನ ಮತ್ತು ಪ್ರೇಕ್ಷಕ ಸಮುದಾಯ: ‘ಎಮರ್ಜೆನ್ಸಿ’ ಚಿತ್ರದ ಸುತ್ತಣ ವಾಗ್ವಾದವನ್ನು ಕುರಿತು

ಸಾಹಿತ್ಯ ಕೃತಿಯೊಂದಕ್ಕೆ ಓದುಗರು ತೋರುವ ಸ್ಪಂದನವನ್ನು ಚರ್ಚಿಸುವಾಗ ನಾವು ಒಂದು ಕ್ರಮವನ್ನು ಗೃಹೀತವಾಗಿ ಇಟ್ಟುಕೊಂಡಿರುತ್ತೇವೆ: ಮೊದಲು ಕೃತಿ, ಅನಂತರ ಓದು, ಆಮೇಲೆ ಪ್ರತಿಕ್ರಿಯೆ. ರಾಜಕೀಯ ನಾಯಕರ ಬದುಕನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಇಲ್ಲಿ ಪ್ರತಿಕ್ರಿಯೆ ಮೊದಲು ಹುಟ್ಟುತ್ತದೆ. ಕೃತಿ ತಡವಾಗಿ, ಅಲ್ಲಲ್ಲಿ ಕತ್ತರಿಸಿಕೊಂಡು, ಜನರ ಉತ್ಸಾಹ ಆರಿದ ಮೇಲೆ ಬರುತ್ತದೆ. ನೋಡಿದವರಿಗಿಂತ ನೋಡದವರ ಮಾತೇ ಹೆಚ್ಚು ದೂರ ಕೇಳಿಸುತ್ತದೆ. ಇಂಥ ಪ್ರತಿಕ್ರಿಯೆಯನ್ನು ಕೇವಲ ಗದ್ದಲವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಸಮುದಾಯ ತನ್ನ ಇತ್ತೀಚಿನ ಚರಿತ್ರೆಯನ್ನು ಯಾರ ಮೂಲಕ, ಯಾವ ಆಕೃತಿಯಲ್ಲಿ ಹೇಳಿಕೊಳ್ಳಲು ಬಯಸುತ್ತದೆ ಎಂಬ ಪ್ರಶ್ನೆ ಆ ಗದ್ದಲದೊಳಗೇ ಅಡಗಿದೆ. ಜೀವನಚರಿತ್ರೆಯನ್ನು ಒಂದು ಸಾಹಿತ್ಯ ಪ್ರಕಾರವಾಗಿ ಪಾಠ ಹೇಳುವ ಕನ್ನಡ ವಿಭಾಗಗಳಿಗೆ ಈ ಪ್ರಶ್ನೆ ಹೊರಗಿನದಲ್ಲ.

ಕಂಗನಾ ರಣಾವತ್ ತಾವೇ ನಿರ್ದೇಶಿಸಿ, ಇಂದಿರಾ ಗಾಂಧಿಯವರ ಪಾತ್ರವನ್ನೂ ತಾವೇ ವಹಿಸಿದ ‘ಎಮರ್ಜೆನ್ಸಿ’ ಎಂಬ ಹಿಂದಿ ಚಿತ್ರ 2025ರ ಜನವರಿ 17ರಂದು ತೆರೆಕಂಡಿತು. ಅದು 2024ರ ಸೆಪ್ಟೆಂಬರ್ 6ರಂದೇ ಬರಬೇಕಾಗಿದ್ದ ಚಿತ್ರ. ಆ ಹೊತ್ತಿಗಾಗಲೇ ನಿರ್ದೇಶಕಿ ಹಿಮಾಚಲ ಪ್ರದೇಶದ ಮಂಡಿ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ಸಂಸದೆಯಾಗಿ ಆಯ್ಕೆಯಾಗಿದ್ದರು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ್’ ಎಂದು ಘೋಷಿಸಿತ್ತು. ಇಷ್ಟು ಹಿನ್ನೆಲೆ ಸಾಕಾಗಿತ್ತು. ಚಿತ್ರ ಏನು ಹೇಳಲಿದೆ ಎಂಬುದು ತಮಗೆ ಗೊತ್ತೇ ಇದೆ ಎಂಬ ಭಾವನೆ ಮೆಚ್ಚುವವರಲ್ಲೂ ವಿರೋಧಿಸುವವರಲ್ಲೂ ಒಂದೇ ಪ್ರಮಾಣದಲ್ಲಿ ನೆಲೆಯೂರಿತು.

ಆದರೆ ತೀವ್ರವಾದ ವಿರೋಧ ಬಂದದ್ದು ನಿರೀಕ್ಷಿತ ದಿಕ್ಕಿನಿಂದಲ್ಲ. ಇಂದಿರಾ ಅವರ ಪಕ್ಷಕ್ಕಿಂತ ಹೆಚ್ಚು ಗಟ್ಟಿಯಾಗಿ ಧ್ವನಿ ಎತ್ತಿದವರು ಸಿಖ್ ಸಂಘಟನೆಗಳು. ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಚಿತ್ರದ ನಿಷೇಧಕ್ಕೆ ಒತ್ತಾಯಿಸಿತು. ಮಧ್ಯಪ್ರದೇಶದ ಹೈಕೋರ್ಟಿನಲ್ಲಿ ಅರ್ಜಿ ದಾಖಲಾಯಿತು. ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ದೊರೆಯದೆ ನಿರ್ಮಾಪಕರು ಬಾಂಬೆ ಹೈಕೋರ್ಟಿನ ಮೊರೆಹೋದರು. ಕೊನೆಗೆ ಕೆಲವು ಕಡಿತಗಳಿಗೆ ಒಪ್ಪಿದ ಮೇಲೆಯೇ ಬಿಡುಗಡೆ ಸಾಧ್ಯವಾಯಿತು. ಬಿಡುಗಡೆಯ ದಿನ ಪಂಜಾಬಿನ ಬಹುತೇಕ ಚಿತ್ರಮಂದಿರಗಳು ಅದನ್ನು ಪ್ರದರ್ಶಿಸಲಿಲ್ಲ. ಲಂಡನ್ನಿನ ಹ್ಯಾರೋದಲ್ಲಿ ಪ್ರತಿಭಟನಕಾರರು ಚಿತ್ರಮಂದಿರದೊಳಗೆ ನುಗ್ಗಿ ಪ್ರದರ್ಶನಕ್ಕೆ ಅಡ್ಡಿಪಡಿಸಿದ್ದು ಬ್ರಿಟನ್ನಿನ ಸಂಸತ್ತಿನಲ್ಲೂ ಪ್ರಸ್ತಾಪವಾಯಿತು.

ಈ ವಿರೋಧದ ಕೇಂದ್ರದಲ್ಲಿದ್ದುದು ಟ್ರೇಲರಿನಲ್ಲಿ ಕಾಣಿಸಿಕೊಂಡ ಒಂದು ಸಂಭಾಷಣೆ. ಭಿಂದ್ರನ್‌ವಾಲೆಯನ್ನು ಹೋಲುವ ಪಾತ್ರವು, ನಿಮಗೆ ಮತ ಬೇಕು, ನಮಗೆ ಖಾಲಿಸ್ತಾನ ಬೇಕು ಎಂಬ ಅರ್ಥದ ಮಾತನ್ನಾಡುತ್ತದೆ. ಇಂಥ ಮಾತನ್ನು ಆ ವ್ಯಕ್ತಿ ಆಡಿದ್ದಕ್ಕೆ ದಾಖಲೆ ಎಲ್ಲಿದೆ ಎಂಬುದು ಆಕ್ಷೇಪದ ತಿರುಳು. ಇದನ್ನು ಮತೀಯ ಭಾವನೆಯ ಪ್ರಶ್ನೆಯೆಂದಷ್ಟೇ ಪರಿಭಾವಿಸಿದರೆ ನಾವು ಅದರ ಸಾಹಿತ್ಯಕ ಮಹತ್ವವನ್ನು ಕಳೆದುಕೊಳ್ಳುತ್ತೇವೆ. ಚಾರಿತ್ರಿಕ ವ್ಯಕ್ತಿಯ ಬಾಯಲ್ಲಿ ಕವಿಯು ಕಲ್ಪಿತ ಮಾತನ್ನು ಇಡಬಹುದೇ, ಇಡುವುದಾದರೆ ಎಲ್ಲಿಯವರೆಗೆ ಎಂಬುದು ಕಾವ್ಯಮೀಮಾಂಸೆಯ ಹಳೆಯ ಪ್ರಶ್ನೆ. 1984ರ ಅಕ್ಟೋಬರ್ 31ರಂದು ನಡೆದ ಇಂದಿರಾ ಹತ್ಯೆಯ ನಂತರದ ದಿನಗಳಲ್ಲಿ ದೆಹಲಿಯೊಂದರಲ್ಲೇ ಅಧಿಕೃತ ಲೆಕ್ಕದ ಪ್ರಕಾರ 2,733 ಸಿಖ್ಖರು ಕೊಲೆಯಾದರು. ಆ ಸಾವುಗಳಿಗೆ ನ್ಯಾಯ ದೊರೆಯಲು ದಶಕಗಳು ಹಿಡಿದವು, ಬಹುಪಾಲಿಗೆ ದೊರೆಯಲೇ ಇಲ್ಲ. ಅಂಥ ಸಮುದಾಯವೊಂದು, ದಾಖಲೆಯಿಲ್ಲದ ಒಂದು ವಾಕ್ಯ ತೆರೆಯ ಮೇಲೆ ಮೂಡಿ ನಾಳೆ ದಾಖಲೆಯಾಗಿಬಿಡುತ್ತದೆ ಎಂದು ಅಂಜಿದರೆ ಆ ಅಂಜಿಕೆಯಲ್ಲಿ ವಿವೇಕವಿದೆ. ಅದಕ್ಕೆ ನಿಷೇಧವೇ ಉತ್ತರವೆಂಬ ವಾದವನ್ನು ಮಾತ್ರ ಒಪ್ಪಲಾಗದು. ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಷ್ಟು ಹಿಂದೆಯೇ, ಪ್ರತಿಭಟನೆ ಮತ್ತು ಹಿಂಸೆಯ ಬೆದರಿಕೆಯನ್ನು ಮುಂದಿಟ್ಟುಕೊಂಡು ಅಭಿವ್ಯಕ್ತಿಯನ್ನು ಅದುಮಲಾಗದು ಎಂದು ಸ್ಪಷ್ಟಪಡಿಸಿದೆ. ಚಿತ್ರಕ್ಕೆ ಭದ್ರತೆ ಕೊಡುವುದು ಪ್ರಭುತ್ವದ ಕೆಲಸ. ಚಿತ್ರವನ್ನು ಪ್ರಶ್ನಿಸುವುದು ಓದುಗರ, ವಿಮರ್ಶಕರ ಕೆಲಸ. ನಮ್ಮಲ್ಲಿ ಇವೆರಡೂ ಅದಲುಬದಲಾಗಿವೆ.

ಸೆನ್ಸಾರ್ ಮಂಡಳಿಯು ಈ ಸಂದರ್ಭದಲ್ಲಿ ಕೇಳಿದ ಒಂದು ಪ್ರಶ್ನೆ ಸಂಶೋಧಕರ ಗಮನಕ್ಕೆ ಅರ್ಹವಾದುದು. ಭಾರತೀಯ ಸ್ತ್ರೀಯರ ಬಗ್ಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಆಡಿದ ಅವಹೇಳನದ ಮಾತು, ಭಾರತೀಯರ ಬಗ್ಗೆ ಚರ್ಚಿಲ್ ಆಡಿದರೆನ್ನಲಾದ ಮಾತು – ಇವುಗಳಿಗೆ ಆಕರ ಒದಗಿಸಿ ಎಂದು ಮಂಡಳಿ ಕೇಳಿತೆಂದು ವರದಿಯಾಯಿತು. ನಿಕ್ಸನ್ ಅಂಥ ಮಾತುಗಳನ್ನಾಡಿದ್ದು 2020ರಲ್ಲಿ ಬಹಿರಂಗಗೊಂಡ ಶ್ವೇತಭವನದ ಧ್ವನಿಮುದ್ರಣಗಳಿಂದ ಖಚಿತವಾಗಿದೆ. ಪ್ರಭುತ್ವದ ಅಂಗವೊಂದು ಚಿತ್ರಕರ್ಮಿಯನ್ನು ಅಡಿಟಿಪ್ಪಣಿ ಕೇಳುವ ಈ ದೃಶ್ಯ ಸ್ವಲ್ಪ ನಗೆ ತರಿಸುತ್ತದೆ. ನಮ್ಮ ಅನೇಕ ಪಿಎಚ್.ಡಿ. ಪ್ರಬಂಧಗಳಿಗೂ ಯಾರಾದರೂ ಇಷ್ಟು ಶ್ರದ್ಧೆಯಿಂದ ಆಕರ ಕೇಳಿದ್ದರೆ ಚೆನ್ನಾಗಿತ್ತು. ಆದರೆ ಕೇಳಬೇಕಾದವರು ಪ್ರೇಕ್ಷಕರು, ಕೇಳಬೇಕಾದ ಕಾಲ ಚಿತ್ರ ನೋಡಿದ ಮೇಲೆ.

ಇಂದಿರಾ ಅವರಿಗೂ ಚಲನಚಿತ್ರ ಮಾಧ್ಯಮಕ್ಕೂ ಇರುವ ಸಂಬಂಧದ ಚರಿತ್ರೆ ಇದಕ್ಕಿಂತ ಹಿಂದಿನದು. ಗುಲ್ಜಾರ್ ನಿರ್ದೇಶನದ ‘ಆಂಧಿ’ 1975ರಲ್ಲಿ ಬಂದಾಗ ಸುಚಿತ್ರಾ ಸೇನ್ ಅವರ ಸೀರೆ, ನಡಿಗೆ ಮತ್ತು ಕೂದಲಿನಲ್ಲಿನ ಬಿಳಿಯ ಎಳೆ ಪ್ರಧಾನಿಯನ್ನು ನೆನಪಿಸುತ್ತದೆಂಬ ಮಾತೆದ್ದು ತುರ್ತುಪರಿಸ್ಥಿತಿಯಲ್ಲಿ ಅದರ ಪ್ರದರ್ಶನ ನಿಂತಿತು. ಅಮೃತ್ ನಾಹಟಾ ಅವರ ‘ಕಿಸ್ಸಾ ಕುರ್ಸಿ ಕಾ’ ಚಿತ್ರದ ಪ್ರತಿಗಳು ವಶಪಡಿಸಿಕೊಳ್ಳಲ್ಪಟ್ಟು ಸುಟ್ಟುಹೋದದ್ದು ಶಾ ಆಯೋಗದ ವಿಚಾರಣೆಗೂ ನ್ಯಾಯಾಲಯದ ಮೊಕದ್ದಮೆಗೂ ವಸ್ತುವಾಯಿತು. ಮೊದಲನೆಯದು ಜೀವನಚರಿತ್ರೆಯೇ ಅಲ್ಲ, ಎರಡನೆಯದು ವಿಡಂಬನೆ. ಆಗ ಹೋಲಿಕೆಯೇ ಅಪರಾಧವಾಗಿತ್ತು. ಅರ್ಧ ಶತಮಾನದ ನಂತರ ಅದೇ ಹೋಲಿಕೆ, ಪ್ರಾಸ್ಥೆಟಿಕ್ ಮೇಕಪ್ಪಿನ ನೆರವಿನಿಂದ ಸಾಧಿಸಿದ ಮೂಗು ಗಲ್ಲಗಳ ಹೋಲಿಕೆ, ಚಿತ್ರದ ಪ್ರಮುಖ ಆಕರ್ಷಣೆಯೆಂದು ಪ್ರಚಾರಗೊಂಡಿತು. ಪ್ರೇಕ್ಷಕರೂ ವಿಮರ್ಶಕರೂ ಮೊದಲು ಅಳೆದದ್ದು ಇದನ್ನೇ. ಮುಖ ಹೋಲುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ದೊರೆತ ಅವಕಾಶದಲ್ಲಿ ಕಾಲು ಭಾಗವೂ ಕಾಲಮಾನ ಹೋಲುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ದೊರೆಯಲಿಲ್ಲ.

ಬಿಡುಗಡೆಯ ನಂತರ ಇನ್ನೊಂದು ಸ್ವಾರಸ್ಯ ಘಟಿಸಿತು. ಇಂದಿರಾ ಅವರನ್ನು ಖಂಡಿಸಲೆಂದೇ ತೆಗೆದ ಚಿತ್ರವಿದು ಎಂದು ನಿರೀಕ್ಷಿಸಿ ಹೋದ ಹಲವು ವಿಮರ್ಶಕರು, ಚಿತ್ರ ಆಕೆಯ ಬಗ್ಗೆ ಅನಿರೀಕ್ಷಿತವಾಗಿ ಮೃದುವಾಗಿದೆ ಎಂದು ಬರೆದರು. ಶೀರ್ಷಿಕೆ ಇಪ್ಪತ್ತೊಂದು ತಿಂಗಳ ಅವಧಿಯದು. ಕಥೆಯೋ ಬಾಲ್ಯದಿಂದ ಹತ್ಯೆಯವರೆಗಿನದು. ತುರ್ತುಪರಿಸ್ಥಿತಿಯ ದೋಷದ ಬಹುಭಾಗ ಸಂಜಯ್ ಗಾಂಧಿಯವರ ಹೆಗಲಿಗೆ ವರ್ಗಾವಣೆಯಾಗುತ್ತದೆ. ತಾಯಿ ಪಶ್ಚಾತ್ತಾಪದಿಂದ ಪರಿಶುದ್ಧಳಾಗುತ್ತಾಳೆ. ಕರ್ತೃವಿನ ರಾಜಕೀಯ ಒಲವು ಒಂದು ಕಡೆ ಎಳೆದರೆ ನಾಯಕಿಯ ಪಾತ್ರ ವಹಿಸಿದ ತಾರೆಯ ಅಗತ್ಯ ಇನ್ನೊಂದು ಕಡೆ ಎಳೆದಿದೆ.

ಇದನ್ನು ಅರ್ಥಮಾಡಿಕೊಳ್ಳಲು ಕನ್ನಡ ಓದುಗರಿಗೆ ದೂರ ಹೋಗಬೇಕಾಗಿಲ್ಲ. ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ. ಆ ಅಭೇದಕ್ಕಾಗಿ ಅವನು ತೆತ್ತ ಬೆಲೆ ನಮಗೆ ಗೊತ್ತು: ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು, ಕೊನೆಗೆ ಪಟ್ಟಾಭಿಷೇಕ ಧರ್ಮರಾಯನಿಗಲ್ಲದೆ ಅರ್ಜುನನಿಗೆ ಸುಭದ್ರೆಯೊಡನೆ ನಡೆಯಿತು. ಇಷ್ಟಾದರೂ ಆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಕರ್ಣ. ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದ ರನ್ನನ ‘ಗದಾಯುದ್ಧ’ದಲ್ಲಿ ಓದುಗರ ಕಣ್ಣೀರು ದುರ್ಯೋಧನನ ಪಾಲಿನದು. ಆಶ್ರಯದಾತನನ್ನು ಹೊಗಳಲು ಹೊರಟ ಕಾವ್ಯಗಳು ಆಶ್ರಯದಾತನ ಎದುರಾಳಿಗೂ ಪೂರ್ಣ ಮಾನವತ್ವವನ್ನು ಕೊಟ್ಟವು. ಅವು ಉಳಿದದ್ದಕ್ಕೆ ಇದೂ ಒಂದು ಕಾರಣ. ಈಗಿನ ರಾಜಕೀಯ ಜೀವನಚಿತ್ರಗಳಲ್ಲಿ ಎದುರಾಳಿಗೆ ಇಂಥ ಅವಕಾಶವಿಲ್ಲ. ಅಭೇದ ಮಾತ್ರ ಇದೆ, ಅದೂ ಬೇರೆ ಬಗೆಯದು. ಅಲ್ಲಿ ಅರಸನು ಪುರಾಣದ ವೀರನಲ್ಲಿ ಲೀನನಾದರೆ ಇಲ್ಲಿ ತಾರೆಯು ನಾಯಕರಲ್ಲಿ ಲೀನವಾಗುತ್ತಾರೆ. ನಾಯಕರ ವರ್ಚಸ್ಸು ತಾರೆಗೆ ಸಂದಾಯವಾಗುತ್ತದೆ. ಇದೇ ನಟಿ 2021ರ ‘ತಲೈವಿ’ಯಲ್ಲಿ ಜಯಲಲಿತಾ ಆಗಿದ್ದರು. ಪಂಪನ ಓದುಗರಿಗೆ ಅರ್ಜುನ ಬೇರೆ, ಅರಿಕೇಸರಿ ಬೇರೆ ಎಂಬ ಅರಿವು ಎಂದೂ ತಪ್ಪಿರಲಿಲ್ಲ. ಕವಿಯು ಸೇರಿಸಿ ಹೇಳುತ್ತಿದ್ದಾನೆ ಎಂಬುದು ಅವರಿಗೆ ತಿಳಿದಿತ್ತು. ಸುದ್ದಿಚಿತ್ರದ ತುಣುಕುಗಳನ್ನೂ ನಟನೆಯನ್ನೂ ಒಂದೇ ಬಣ್ಣದಲ್ಲಿ ಹೆಣೆಯಬಲ್ಲ ಮಾಧ್ಯಮದಲ್ಲಿ ಆ ಅರಿವಿಗೆ ಆಧಾರವೇ ಕಡಿಮೆ.

ಪರದೇಶದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಮಾರ್ಗರೆಟ್ ಥ್ಯಾಚರ್ ಅವರನ್ನು ಕುರಿತ ‘ದಿ ಐರನ್ ಲೇಡಿ’ 2012ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡಾಗ ಥ್ಯಾಚರ್ ಇನ್ನೂ ಬದುಕಿದ್ದರು, ಮರೆವಿನ ಕಾಯಿಲೆಗೆ ತುತ್ತಾಗಿದ್ದರು. ಚಿತ್ರ ಆ ಮರೆವಿನ ಮೂಲಕವೇ ಆಕೆಯ ಬದುಕನ್ನು ಹೇಳಿತು. ಆಕೆಯ ಪಕ್ಷದವರು ಇದು ಅಗೌರವವೆಂದು ಸಿಡಿಮಿಡಿಗೊಂಡರು. ಪ್ರಧಾನಿ ಕ್ಯಾಮರೂನ್ ಈ ಚಿತ್ರಕ್ಕೆ ಇದು ಕಾಲವಲ್ಲ ಎಂಬ ಅರ್ಥದ ಮಾತಾಡಿದರು. ಇತ್ತ ಚೆಸ್ಟರ್‌ಫೀಲ್ಡ್ ಪಟ್ಟಣದ ಚಿತ್ರಮಂದಿರದ ಮುಂದೆ ಮಾಜಿ ಗಣಿಕಾರ್ಮಿಕರು ಪ್ರತಿಭಟಿಸಿದರು. 1984–85ರ ಮುಷ್ಕರ ಅವರ ಊರುಗಳನ್ನೇ ಬರಿದು ಮಾಡಿತ್ತು; ತೆರೆಯ ಮೇಲೆ ಅದು ಒಬ್ಬ ವೃದ್ಧೆಯ ನೆನಪಿನಲ್ಲಿ ಮಿಂಚಿ ಮರೆಯಾಗುವ ಕೆಲವು ದೃಶ್ಯವಷ್ಟೇ ಆಯಿತು. ಅವರ ಆಕ್ಷೇಪ, ಥ್ಯಾಚರ್ ಅವರನ್ನು ಕೆಟ್ಟವರನ್ನಾಗಿ ತೋರಿಸಲಿಲ್ಲ ಎಂಬುದಕ್ಕಿಂತ ತಮ್ಮ ಕಥೆಯನ್ನು ಆಕೆಯ ಕಥೆಯ ಹಿನ್ನೆಲೆಯಾಗಿಸಿದರು ಎಂಬುದೆಂದು ನಾನು ಗ್ರಹಿಸುತ್ತೇನೆ. ಕುತೂಹಲದ ಸಂಗತಿಯೆಂದರೆ, ಪಾರ್ಶ್ವವಾಯು ಬಡಿದು ಮಲಗಿದ ನಾಯಕನೊಬ್ಬ ತನ್ನ ಬದುಕನ್ನು ಹಿಂದಿರುಗಿ ನೋಡುವ ಇದೇ ತಂತ್ರವನ್ನು ಅನಂತಮೂರ್ತಿಯವರು 1978ರ ‘ಅವಸ್ಥೆ’ಯಲ್ಲಿ ಬಳಸಿದ್ದರು. ಕೃಷ್ಣಪ್ಪನಲ್ಲಿ ಶಾಂತವೇರಿ ಗೋಪಾಲಗೌಡರ ಛಾಯೆಯಿದೆಯೆಂಬುದು ಎಲ್ಲರಿಗೂ ತಿಳಿದ ಮಾತು. ಆದರೂ ಲೇಖಕರು ಹೆಸರು ಬದಲಿಸಿದರು. ಹೆಸರು ಬದಲಿಸಿದ್ದರಿಂದಲೇ ನಾಯಕನನ್ನು ಅನುಮಾನಿಸುವ, ಅವನ ಸುತ್ತಲಿನವರನ್ನು ಮಾತಾಡಿಸುವ ಸ್ವಾತಂತ್ರ್ಯ ಕಾದಂಬರಿಗೆ ದೊರೆಯಿತು.

ಮತ್ತೆ ‘ಎಮರ್ಜೆನ್ಸಿ’ಗೆ ಬರೋಣ. ನನ್ನ ಮುಖ್ಯ ತಕರಾರು ಚಿತ್ರದ ಮೇಲಿನದಕ್ಕಿಂತ ಅದರ ಸುತ್ತ ನಡೆದ ಚರ್ಚೆಯ ಮೇಲಿನದು. ಇಂದಿರಾ ಒಳ್ಳೆಯವರೋ ಕೆಟ್ಟವರೋ, ದುರ್ಗೆಯೋ ಸರ್ವಾಧಿಕಾರಿಯೋ ಎಂಬ ಅಕ್ಷದ ಮೇಲೆಯೇ ಎಲ್ಲ ವಾದಗಳೂ ನಡೆದವು. ತುರ್ತುಪರಿಸ್ಥಿತಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಲಾಯಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಇಷ್ಟನ್ನು ಒಬ್ಬ ತಾಯಿ, ಒಬ್ಬ ಮಗ ಮಾಡಲಾರರು. ಸಹಿ ಹಾಕಿದ ಜಿಲ್ಲಾಧಿಕಾರಿಗಳಿದ್ದರು, ಗುರಿ ಮುಟ್ಟಿಸಲು ಶಾಲಾ ಮಾಸ್ತರರನ್ನು ಊರೂರು ಅಲೆಸಿದ ಮೇಲಧಿಕಾರಿಗಳಿದ್ದರು, ಅಗ್ರಲೇಖನದ ಜಾಗದಲ್ಲಿ ನಿರುಪದ್ರವಿ ವಿಷಯಗಳನ್ನು ತುಂಬಿದ ಸಂಪಾದಕರಿದ್ದರು, ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆಯೆಂದು ಸಂತೋಷಪಟ್ಟ ಮಧ್ಯಮವರ್ಗವಿತ್ತು. ಶಾ ಆಯೋಗದ ವರದಿಗಳ ಬೆಲೆಯಿರುವುದು ಈ ಆಡಳಿತ ಯಂತ್ರವನ್ನು ಪುಟಪುಟವಾಗಿ ಬಿಡಿಸಿಟ್ಟದ್ದರಲ್ಲಿ. ಜೀವನಚಿತ್ರವೆಂಬ ಆಕೃತಿಗೆ ಆ ಯಂತ್ರ ಬೇಡ. ಹೊಗಳಿಕೆಯನ್ನೂ ತೆಗಳಿಕೆಯನ್ನೂ ಅದು ಒಂದೇ ಮುಖದ ಮೇಲೆ ಚೆಲ್ಲುತ್ತದೆ, ಪ್ರೇಕ್ಷಕರನ್ನು ಹೊಣೆಯಿಂದ ಬಿಡಿಸುತ್ತದೆ.

ಈ ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸಲು ಕರ್ನಾಟಕಕ್ಕಿಂತ ಒಳ್ಳೆಯ ಕ್ಷೇತ್ರವಿಲ್ಲ. 1975ರ ಜೂನ್ 26ರ ಬೆಳಿಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದದ್ದು ಬೆಂಗಳೂರಿನಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಅವರು ಬಂದಿದ್ದರು. ಪಟ್ಟಾಭಿರಾಮರೆಡ್ಡಿಯವರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಿನಲ್ಲಿ ಬಂಧನಕ್ಕೊಳಗಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆದರು. ಆಸ್ತಮಾ ಉಲ್ಬಣಿಸಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಪೊಲೀಸರು ಅವರ ತಮ್ಮ ಲಾರೆನ್ಸ್ ಅವರಿಗೆ ಕೊಟ್ಟ ಚಿತ್ರಹಿಂಸೆ ಕೂಡ ಇದೇ ಊರಿನದು. ಆ ಕಾರಾಗೃಹದ ಜಾಗ ಈಗ ‘ಫ್ರೀಡಂ ಪಾರ್ಕ್’ ಆಗಿದೆ.

ಇದೇ ತಿಂಗಳುಗಳಲ್ಲಿ, ಇದೇ ರಾಜ್ಯದ ತಾಲ್ಲೂಕು ಕಚೇರಿಗಳ ಮುಂದೆ ಗೇಣಿದಾರರು ಸಾಲುಗಟ್ಟಿ ನಿಂತಿದ್ದರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ಪ್ರಕಾರ ಏಳನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರನಿಗೆ ಉಳುವ ಭೂಮಿಯ ಮೇಲೆ ಹಕ್ಕು ದೊರೆಯುತ್ತಿತ್ತು. ವಿಚಾರಣೆ ನಡೆಸುತ್ತಿದ್ದ ಭೂನ್ಯಾಯ ಮಂಡಳಿಗಳಲ್ಲಿ ಪರಿಶಿಷ್ಟರಿಗೆ ಸ್ಥಾನವಿತ್ತು, ವಕೀಲರಿಗೆ ಪ್ರವೇಶವಿರಲಿಲ್ಲ. ಹಣವುಳ್ಳ ಭೂಮಾಲೀಕನೂ ಅಕ್ಷರವಿಲ್ಲದ ಒಕ್ಕಲೂ ತಮ್ಮ ತಮ್ಮ ನಾಲಗೆಯನ್ನೇ ನೆಚ್ಚಿ ಎದುರುಬದುರು ನಿಲ್ಲಬೇಕಾಗಿತ್ತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು ಕೇಳಿದ್ದು ಕಾನೂನಾಗಿ ಕೈಗೆ ಬಂದದ್ದು ಈ ವರ್ಷಗಳಲ್ಲಿ. ಜೀತ ನಿಷೇಧ, ಗ್ರಾಮೀಣ ಋಣ ಪರಿಹಾರ, 1975ರಲ್ಲಿ ಸಲ್ಲಿಕೆಯಾದ ಹಾವನೂರ ಆಯೋಗದ ವರದಿ – ಎಲ್ಲವೂ ಇದೇ ಕಾಲದವು. ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳಲ್ಲಿ ‘ಡಿಕ್ಲರೇಷನ್’ ಎಂಬ ಇಂಗ್ಲಿಷ್ ಪದ ಮನೆಮಾತಾಗಿದೆ, ಅದನ್ನು ಹೇಳುವಾಗ ಒಂದು ಮನೆಯಲ್ಲಿ ಮುಖ ಅರಳುತ್ತದೆ, ಪಕ್ಕದ ಮನೆಯಲ್ಲಿ ಬಾಡುತ್ತದೆ. ನಾಲ್ಕಾರು ಮುಡಿ ಗೇಣಿಯ ಅಕ್ಕಿಯಲ್ಲಿ ಬದುಕುತ್ತಿದ್ದ ಒಂಟಿ ವಿಧವೆಯರೂ ಭೂಮಾಲೀಕರೆಂಬ ಹೆಸರಿನಲ್ಲೇ ಕಳೆದುಕೊಂಡರು. ಗೇಣಿಯ ದಾಖಲೆಯೂ ಇಲ್ಲದ ಕೂಲಿಯಾಳುಗಳಿಗೆ, ಅಂದರೆ ಹೆಚ್ಚಾಗಿ ದಲಿತರಿಗೆ, ಇದರಲ್ಲಿ ದಕ್ಕಿದ್ದು ಅಲ್ಪ.

ಇಲ್ಲಿ ಎಚ್ಚರ ಬೇಕು. ಭೂಸುಧಾರಣೆ ತುರ್ತುಪರಿಸ್ಥಿತಿಯ ಕೊಡುಗೆಯಲ್ಲ. ಕಾಯಿದೆ ಅದಕ್ಕಿಂತ ಒಂದೂಕಾಲು ವರ್ಷ ಹಿಂದಿನದು, ಅರ್ಜಿ ಸಲ್ಲಿಕೆಯ ಅವಧಿ 1979ರ ಜೂನ್ ಕೊನೆಯವರೆಗೂ ಇತ್ತು. ಅದನ್ನು ಕಾರ್ಯಗತಗೊಳಿಸಿದ ರಾಜಕೀಯ ಇಚ್ಛೆ ದೇವರಾಜ ಅರಸು ಅವರದು. ಆದರೆ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಿತ್ತಿಪತ್ರಗಳ ನಡುವೆ ಹಕ್ಕುಪತ್ರ ಪಡೆದವರ ನೆನಪಿನಲ್ಲಿ ಇವೆರಡೂ ಬೆರೆತುಹೋದವು. 1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಕಾಂಗ್ರೆಸ್ಸನ್ನು ಬೇರುಸಹಿತ ಕಿತ್ತಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಆ ಪಕ್ಷಕ್ಕೆ ಕೊಟ್ಟಿತು. ರಾಯಬರೇಲಿಯಲ್ಲಿ ಸೋತ ಇಂದಿರಾ ಅವರನ್ನು 1978ರ ನವೆಂಬರಿನ ಉಪಚುನಾವಣೆಯಲ್ಲಿ ಚಿಕ್ಕಮಗಳೂರು, ವೀರೇಂದ್ರ ಪಾಟೀಲರ ವಿರುದ್ಧ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. ಆಗ ಉತ್ತರದ ಪತ್ರಿಕೆಗಳಿಗೆ ಇದು ಒಗಟಾಗಿ ಕಂಡಿತು. ದಕ್ಷಿಣದ ಮತದಾರನಿಗೆ ಪ್ರಜಾಪ್ರಭುತ್ವದ ಬೆಲೆ ತಿಳಿಯದೆಂಬ ಸರಳ ತೀರ್ಮಾನಕ್ಕೆ ಬಂದವರೂ ಇದ್ದರು. ಆ ತೀರ್ಮಾನದ ಹಿಂದಿರುವ ಅಹಂಕಾರವೇ ತುರ್ತುಪರಿಸ್ಥಿತಿಯನ್ನು ದೆಹಲಿಯ ಕಥೆಯಾಗಿ ಮಾತ್ರ ಹೇಳುವ ಇಂದಿನ ಚಿತ್ರಗಳಲ್ಲೂ ಮುಂದುವರಿದಿದೆ.

ಹಾಗೆಂದು ಜನರ ನೆನಪನ್ನು ಚಲನಚಿತ್ರಕ್ಕೆ ಎದುರಾಗಿ ಪವಿತ್ರವಾದ ಸಾಕ್ಷಿಯೆಂದು ನಿಲ್ಲಿಸುವಂತೆಯೂ ಇಲ್ಲ. 1979ರಲ್ಲಿ ಅರಸು ಮತ್ತು ಇಂದಿರಾ ಬೇರ್ಪಟ್ಟರು. ಮುಂದಿನ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಇಂದಿರಾ ಅವರ ಪಕ್ಷಕ್ಕೆ 28ರಲ್ಲಿ 27 ಸ್ಥಾನಗಳನ್ನು ಕೊಟ್ಟಿತು. ಅರಸು ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಕಾಯಿದೆ ಮಾಡಿದವರು, ಮಂಡಳಿಗಳಲ್ಲಿ ಕುಳಿತವರು, ಕಾಗೋಡಿನಿಂದ ಹೋರಾಡಿದವರು ಎಲ್ಲರ ಶ್ರಮದ ಕೀರ್ತಿಯೂ ‘ಇಂದಿರಮ್ಮ’ ಎಂಬ ಒಂದು ಹೆಸರಿನಲ್ಲಿ ಸಂಚಯವಾಗಿತ್ತು. ಮತದಾರರೂ ತಮ್ಮದೇ ರೀತಿಯಲ್ಲಿ ಒಂದು ಜೀವನಚರಿತ್ರೆಯನ್ನು ಬರೆದುಕೊಂಡಿದ್ದರು ಎನ್ನಬೇಕು. ಮೂರು ವರ್ಷಗಳ ನಂತರ, 1983ರ ಜನವರಿಯಲ್ಲಿ, ಅದೇ ಮತದಾರರು ಅದೇ ಪಕ್ಷವನ್ನು ರಾಜ್ಯದ ಅಧಿಕಾರದಿಂದ ಇಳಿಸಿದರು. ಅಂದರೆ ಆ ಚರಿತ್ರೆಯನ್ನು ತಿದ್ದಿ ಬರೆಯುವ ಶಕ್ತಿಯೂ ಅವರಿಗಿತ್ತು. ಹೆಸರು ಮಾತ್ರ ಹೋಗಲಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಅಗ್ಗದ ಊಟದ ಯೋಜನೆ ಆರಂಭವಾದಾಗ ಅದಕ್ಕಿಟ್ಟ ಹೆಸರು ‘ಇಂದಿರಾ ಕ್ಯಾಂಟೀನ್’.

ವ್ಯಕ್ತಿಕೇಂದ್ರಿತ ಕಥನದ ಮೋಹ ಮುಂಬಯಿಯ ಚಿತ್ರೋದ್ಯಮದ ಸೊತ್ತು ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ. ಅದು ನಮ್ಮ ನೆನಪಿನ ಕ್ರಮವೂ ಹೌದು. ಚಲನಚಿತ್ರ ಆ ಕ್ರಮವನ್ನು ಗಟ್ಟಿಗೊಳಿಸುತ್ತದೆ, ಪರ್ಯಾಯಗಳನ್ನು ಅಳಿಸುತ್ತದೆ. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ಹಿನ್ನೆಲೆಯನ್ನು ಪಾಠ ಹೇಳುವಾಗ ನಾವು ತುರ್ತುಪರಿಸ್ಥಿತಿಯನ್ನು ಒಂದು ವಾಕ್ಯದಲ್ಲಿ ಪ್ರಸ್ತಾಪಿಸಿ ಮುಂದೆ ಸಾಗುವುದು ರೂಢಿ. ಆ ಒಂದು ವಾಕ್ಯದೊಳಗೆ ಸೆರೆಮನೆ ಮತ್ತು ಭೂನ್ಯಾಯ ಮಂಡಳಿ ಎರಡೂ ಇವೆಯೆಂದು ವಿದ್ಯಾರ್ಥಿಗೆ ತಿಳಿಸದೆ ಹೋದರೆ ಅವನು ತೆರೆಯ ಮೇಲೆ ಕಂಡದ್ದನ್ನೇ ಅದರ ವಿವರಣೆಯಾಗಿ ತುಂಬಿಕೊಳ್ಳುತ್ತಾನೆ. ಚಿತ್ರಮಂದಿರದಲ್ಲಿ ಬಹುಕಾಲ ನಿಲ್ಲದ ‘ಎಮರ್ಜೆನ್ಸಿ’ 2025ರ ಮಾರ್ಚಿನಿಂದ ನೆಟ್‌ಫ್ಲಿಕ್ಸ್ ಮೂಲಕ ಅವನ ಅಂಗೈಯಲ್ಲಿಯೇ ಇದೆ. ಅದನ್ನು ಅವನು ನೋಡಬಾರದೆಂದು ಯಾರೂ ಹೇಳಬೇಕಾಗಿಲ್ಲ. ‘ಗದಾಯುದ್ಧ’ವನ್ನು ಓದುವಾಗ ಆಶ್ರಯದಾತ ಯಾರು, ಎದುರಾಳಿಗೆ ಎಷ್ಟು ಮಾತು ದಕ್ಕಿದೆ ಎಂದು ಕೇಳಲು ನಾವು ಕಲಿಸುತ್ತೇವಲ್ಲ, ಆ ಪ್ರಶ್ನೆಗಳನ್ನೇ ಇಲ್ಲಿಗೂ ತರಲು ಕಲಿಸಬಹುದು.

ಸಂಶೋಧನೆಯ ಮಟ್ಟದಲ್ಲಿ ಆಗಬೇಕಾದ ಕೆಲಸ ಇದಕ್ಕಿಂತ ತುರ್ತಿನದು. 1975ರಲ್ಲಿ ಇಪ್ಪತ್ತೈದು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಜಾನಪದ ಸಂಗ್ರಹಕ್ಕೆಂದು ನಮ್ಮ ವಿಭಾಗಗಳು ಒಂದು ಕಾಲದಲ್ಲಿ ಕಟ್ಟಿಕೊಂಡ ಕ್ಷೇತ್ರಕಾರ್ಯದ ಪರಿಣತಿ ಇಂದಿಗೂ ಉಳಿದಿದ್ದರೆ ಅದನ್ನು ಈ ನೆನಪುಗಳ ಕಡೆ ತಿರುಗಿಸಬೇಕು. ಮೀಸಾ ಬಂದಿಗಳ ಅನುಭವ ಕಥನಗಳು ಅಷ್ಟಿಷ್ಟಾದರೂ ಅಚ್ಚಾಗಿವೆ. ಅವರ ಹಿಂದೆ ಪಕ್ಷಗಳೂ ಸಂಘಟನೆಗಳೂ ಇದ್ದವು. ಮಂಡಳಿಯ ಮುಂದೆ ನಿಂತ ಒಕ್ಕಲುಗಳದು, ಭೂಮಿ ಕಳೆದುಕೊಂಡ ಸಣ್ಣ ಹಿಡುವಳಿದಾರರದು, ಗುರಿ ಮುಟ್ಟಿಸಲು ಹೆಸರು ಬರೆದುಕೊಂಡು ಬಂದ ಮಾಸ್ತರರದು ಅಚ್ಚಾದದ್ದು ಅತಿ ಕಡಿಮೆ. ಇವರ ಬಳಿ ಹೋದಾಗ ಇಂದಿರಾ ಗಾಂಧಿಯವರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರೆ ಚಿತ್ರದ ಸುತ್ತ ಕೇಳಿದ ಮಾತುಗಳೇ ಮರಳಿ ಕೇಳಿಬರುತ್ತವೆ. ಏಳನೇ ನಮೂನೆ ಎಲ್ಲಿ ಸಿಕ್ಕಿತು, ಅದನ್ನು ಯಾರು ಬರೆದುಕೊಟ್ಟರು, ಧಣಿಯ ಎದುರು ಸಾಕ್ಷಿ ಹೇಳಲು ಊರಿನಲ್ಲಿ ಯಾರು ಒಪ್ಪಿದರು, ಯಾರು ಹಿಂಜರಿದರು, ಹಕ್ಕುಪತ್ರ ಬಂದ ದಿನ ಮನೆಯಲ್ಲಿ ಏನು ಮಾಡಿದರು, ಆ ವರ್ಷ ಊರಿನಿಂದ ಪೊಲೀಸರು ಯಾರನ್ನಾದರೂ ಕರೆದೊಯ್ದಿದ್ದರೇ – ಹೀಗೆ ಕೇಳುತ್ತ ಹೋಗಬೇಕು. ಅರ್ಜಿಗಳ ಕಡತಗಳು ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿವೆ. ಹೇಳಿಕೆ, ಪಾಟಿಸವಾಲು, ತೀರ್ಪು ಎಲ್ಲವನ್ನೂ ಕನ್ನಡದಲ್ಲಿ, ಆಯಾ ಪ್ರದೇಶದ ಕನ್ನಡದಲ್ಲಿ, ಗುಮಾಸ್ತರು ಬರೆದುಕೊಂಡಿರುವ ಕಡತಗಳು ಅವುಗಳಲ್ಲಿ ಕಡಿಮೆಯಿರಲಾರವು.